ಗಂಟೆಗೆ ಮೊದಲೇ ಹೊರಟ ಹಡಗು

“ಅದೇನೇ ಅದು, ಮಗೀಗೆ ಎಣ್ಣೆ ನೀವ್ದಂಗೆ ನೀವ್ತಿದೀಯ, ಕರಿ ಮುಂಡೆ? ಒತ್ತಿ ಬಳಿ. ಈ ಸಲ ಜಾರಾದು ನಿಮ್ಮ ತಾತ ಕಣೆ. ತಾತನ ಕುಂಡೆ ತರಚೋದ್ರೆ ರಾಜಧಾನಿಗೆ ನಾನ್ ಉತ್ರ ಕೊಡ್ಬೇಕು.”

ಮೇಸ್ತ್ರಿ ಸ್ಕ್ರಗ್ಸ್ ತನ್ನ ಮಾತಿಗೆ ತಾನೇ ನಕ್ಕ. ಅವನ ಹಿಂದೆ ನಿಂತಿದ್ದ ಬಿಳಿಯ ಬೆಸುಗೆಗಾರರೂ ನಕ್ಕರು. ಮೇಸ್ತ್ರಿ ನಕ್ಕಾಗ ನಗುವುದು ಅವರ ಪಾಳಿಯ ಕೆಲಸದಲ್ಲೇ ಸೇರಿತ್ತು. ಆರ್ಜೀಲಿಯಾ ತಲೆಯೆತ್ತಲಿಲ್ಲ. ಮೊಣಕೈವರೆಗೂ ಕಾಸಿದ ದನದ ಕೊಬ್ಬಿನಲ್ಲಿ ಅದ್ದಿದ ಕೈಯನ್ನು, ಹಡಗನ್ನು ಹೊಳೆಗೆ ಜಾರಿಸುವ ಜಾರುದಿಮ್ಮಿಯ ಮೇಲೆ ಎಳೆದಳು, ಮತ್ತೆ ಅದ್ದಿದಳು, ಮತ್ತೆ ಎಳೆದಳು. ಕೊಬ್ಬು ಸುಡುತ್ತಿದೆಯೋ ಆರಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಈ ಹಡಗುಕಟ್ಟೆಗೆ ಸೇರಿದ ಮೊದಲ ಬೇಸಿಗೆಯಲ್ಲೇ ಅಂಗೈ ಏನನ್ನೂ ತಿಳಿಯುವುದನ್ನು ಬಿಟ್ಟಿತ್ತು. ಮಿಕ್ಕ ಮೈ ಅದರಿಂದ ಪಾಠ ಕಲಿಯುತ್ತಿತ್ತು.

ತಾತನಲ್ಲ, ಮುತ್ತಾತ, ಎಂದು ಮನಸ್ಸಿನಲ್ಲೇ ತಿದ್ದಿದಳು. ಬಾಯಿಬಿಟ್ಟು ತಿದ್ದಲಿಲ್ಲ. ಸ್ಕ್ರಗ್ಸ್‌ನ ಲೆಕ್ಕದಲ್ಲಿ ಕರಿಯರೆಲ್ಲ ಒಬ್ಬನೇ ತಾತನ ಮೊಮ್ಮಕ್ಕಳು. ಕುರುಡಾಗಿ ಎಸೆದ ಕಲ್ಲು ಸರಿಯಾದ ತಲೆಗೇ ಬಿದ್ದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದಂದಿನಿಂದ ಅಲಬಾಮದ ಆ ಹೊಳೆದಂಡೆಯಲ್ಲಿ ಸರಕು ಹಡಗುಗಳು ಒಲೆಯಿಂದ ಬ್ರೆಡ್ಡು ಬಿದ್ದ ಹಾಗೆ ಬೀಳುತ್ತಿದ್ದವು. ಎಲ್ಲಕ್ಕೂ ಒಂದೇ ಅಚ್ಚು, ಒಂದೇ ಬೂದು ಬಣ್ಣ. ಬೇರೆಯಾಗಬೇಕಾದದ್ದು ಹೆಸರು ಮಾತ್ರ. ಮೊದಮೊದಲು ಸೇನಾಪತಿಗಳ ಹೆಸರು ಇಟ್ಟರು. ಆಮೇಲೆ ಗವರ್ನರುಗಳು, ರೈಲು ಹಾಕಿಸಿದವರು, ಬ್ಯಾಂಕು ಇಟ್ಟವರು. ಹಡಗು ನಿಲ್ಲಲಿಲ್ಲ, ದೊಡ್ಡ ಮನುಷ್ಯರು ಮುಗಿಯುತ್ತ ಬಂದರು. ಹೀಗೆ ಹೆಸರಿಗೆ ಬರ ಬಂದಾಗ ರಾಜಧಾನಿಗೆ ಕರಿಯರ ನೆನಪಾಯಿತು. ‘ಅಮೋಸ್ ಟಾಲಿವರ್’ ಎಂಬ ಹೆಸರು ತಂತಿಯಲ್ಲಿ ಬಂದ ದಿನ ಬಿಳಿಯರ ಊಟದ ಷೆಡ್ಡಿನಲ್ಲಿ ದಿನವಿಡೀ ಅದೇ ತಮಾಷೆ. ಇದು ಇಳಿದರೆ ಹೊಳೆಯ ನೀರೇ ಕಪ್ಪಾಗುತ್ತದೆ ಎಂದನೊಬ್ಬ. ಇದರಲ್ಲಿ ಕೋಳಿ ಸಾಗಿಸಬೇಡಿ, ದಡ ಮುಟ್ಟುವುದರೊಳಗೆ ಪುಕ್ಕವಷ್ಟೇ ಉಳಿದಿರುತ್ತದೆ ಎಂದನಿನ್ನೊಬ್ಬ; ಕರಿಯರೆಂದರೆ ಕೋಳಿಗಳ್ಳರೆಂಬುದು ಬಿಳಿಯರ ಹಳೆಯ ಕುಚೋದ್ಯ.

ಅಮೋಸ್ ಟಾಲಿವರ್ ಗುಲಾಮನಾಗಿ ಹುಟ್ಟಿದವರು. ಕದ್ದು ಅಕ್ಷರ ಕಲಿತು, ಬಿಡುಗಡೆಯಾದ ಮೇಲೆ ಪೈನ್ ಕಾಡಿನ ಅಂಚಿನಲ್ಲಿ ಕರಿಯರ ಮಕ್ಕಳಿಗೆ ಶಾಲೆ ಕಟ್ಟಿದರು. ಬಿಳಿಯರು ಶಾಲೆಯನ್ನು ಸುಟ್ಟರು. ಇವರು ಮತ್ತೆ ಕಟ್ಟಿದರು, ಅವರು ಮತ್ತೆ ಸುಟ್ಟರು. ಮೂರನೆಯ ಸಲ ಇಟ್ಟಿಗೆಯಲ್ಲಿ ಕಟ್ಟಿದಾಗ ಕಟ್ಟಡ ಸುಡಲಾಗದೆ ಮೇಷ್ಟರನ್ನೇ ಊರು ಬಿಡಿಸಿದರು. ಅವರ ಮಕ್ಕಳಲ್ಲಿ ಈಗ ಉಳಿದಿದ್ದವರು ಮಗಳು ಹೆಪ್ಜೀಬಾ ಒಬ್ಬರೇ. ಅವರು ಆರ್ಜೀಲಿಯಾಳ ಅಜ್ಜಿ.

ಹಡಗಿಗೆ ಹೆಸರಿಡುವಾಗ ಒಬ್ಬ ಹೆಂಗಸು ಅದರ ಮೂತಿಗೆ ಶಾಂಪೇನ್ ಬಾಟಲಿ ಒಡೆದು ಹೆಸರು ಹೇಳಬೇಕು. ಅದು ಪದ್ಧತಿ. ಸತ್ತವರ ಹೆಸರಾದರೆ ಅವರ ಮನೆಯ ಹೆಣ್ಣುಮಗಳೇ ಒಡೆಯಲಿ ಎಂದು ರಾಜಧಾನಿಯವರು ಬರೆದಿದ್ದರಿಂದ ಮ್ಯಾನೇಜರ್ ಲ್ಯಾಂಗ್‌ಫರ್ಡ್ ಕರಿಯರ ಕೇರಿಗೆ ಕಾರು ತಂದಿದ್ದ. ಜಗಲಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹ್ಯಾಟು ತೆಗೆಯದೆ ಮಾತಾಡಿದ. “ಆಂಟೀ, ನೀನೇ ಬಂದು ಬಾಟಲಿ ಒಡೀಬೇಕು. ನಮ್ಮ ಹಡಗುಕಟ್ಟೆ ಅನ್ನೋದು ಒಂದು ಸಂಸಾರ.”

ಕರಿಯ ಹೆಂಗಸನ್ನು ‘ಶ್ರೀಮತಿ’ ಎಂದರೆ ಬಿಳಿಯನ ನಾಲಿಗೆ ಬಿದ್ದುಹೋಗುತ್ತದೆಂದು ಆ ಸೀಮೆಯ ನಂಬಿಕೆ. ಅದಕ್ಕೇ ಈ ಆಂಟಿ: ಚಿಕ್ಕಮ್ಮ ಎಂದು ಕರೆದು ಹಿತ್ತಲಲ್ಲಿ ನಿಲ್ಲಿಸುವ ನೆಂಟಸ್ತಿಕೆ. ಅಜ್ಜಿ ನಲವತ್ತು ವರ್ಷ ಮೇಷ್ಟರಾಗಿದ್ದವರು. “ನನ್ನ ಹೆಸರು ಶ್ರೀಮತಿ ಗೇನ್ಸ್,” ಎಂದರು. “ನೋಡೋಣ ಆಂಟೀ,” ಎಂದು ಲ್ಯಾಂಗ್‌ಫರ್ಡ್ ಕಾರು ಹತ್ತಿದ. ಮೊಮ್ಮಗಳು ಅದೇ ಕಟ್ಟೆಯಲ್ಲಿ ಕೊಬ್ಬು ಬಳಿಯುತ್ತಾಳೆಂದು ಅವನು ಕೇಳಲಿಲ್ಲ, ಅಜ್ಜಿ ಹೇಳಲಿಲ್ಲ.

ಅಂದು ಸಂಜೆಯಿಂದ ಹಿತ್ತಲಿನಲ್ಲಿ ತಾಲೀಮು. ಮರದ ಕೊಂಬೆಗೆ ಹಗ್ಗದಲ್ಲಿ ಕಾಕಂಬಿಯ ಖಾಲಿ ಬಾಟಲಿ ಕಟ್ಟಿ, ಬಟ್ಟೆ ಬೇಯಿಸುವ ಕಬ್ಬಿಣದ ಹಂಡೆಯನ್ನು ಹಡಗು ಮಾಡಿಕೊಂಡು ಅಜ್ಜಿ ಬೀಸುತ್ತಿದ್ದರು. ಮೊದಲ ಏಟಿಗೇ ಒಡೆಯಬೇಕು. ಒಡೆಯದಿದ್ದರೆ ಹಡಗು ಬಾಯಾರಿ ಕಡಲನ್ನೇ ಕುಡಿಯುತ್ತದೆಂದು ನಾವಿಕರು ಹೆದರುತ್ತಾರೆ. ಚರ್ಚಿನ ಹೆಂಗಸರು ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಹೊತ್ತು ತಂದರು. ಹಡಗುಕಟ್ಟೆಯಲ್ಲಿ ಆರ್ಜೀಲಿಯಾಳ ಜೊತೆ ದುಡಿಯುವ ಓಥಾ, ನಾಲ್ಕು ಮಕ್ಕಳ ತಂದೆ, ಹಿತ್ತಲ ಮೆಟ್ಟಿಲ ಮೇಲೆ ಜೋಳದ ರೊಟ್ಟಿ ತಿನ್ನುತ್ತ ಕೂತು ಲ್ಯಾಂಗ್‌ಫರ್ಡನ ಮೂಗುಸ್ವರ ಹಿಡಿಯುತ್ತಿದ್ದ. ಅವನ ಗಂಟಲಿನಲ್ಲಿ ಇಡೀ ಹಡಗುಕಟ್ಟೆ ಬಾಡಿಗೆಗಿತ್ತು. “ನಮ್ಮ ಹಡಗುಕಟ್ಟೆ ಒಂದು ಸಂಸಾರ ಆಂಟೀ,” ಎಂದು ಹ್ಯಾಟು ಇಲ್ಲದ ತಲೆಯ ಮೇಲೆ ಹ್ಯಾಟು ಒತ್ತಿಕೊಂಡು, ಮರುಕ್ಷಣ ತನ್ನದೇ ದನಿಯಲ್ಲಿ, “ಸಂಸಾರ ದಿಟವೇಯ. ಉಣ್ಣಾರು ಅವ್ರು, ಎಂಜಲು ಬಳಿಯಾರು ನಾವು,” ಎನ್ನುತ್ತಿದ್ದ. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಅಜ್ಜಿ ನಗುತ್ತಿರಲಿಲ್ಲ. ಬೀಸುವ ಮೊದಲು ಪ್ರತಿಸಲವೂ, “ನಿನಗೆ ಅಮೋಸ್ ಟಾಲಿವರ್ ಎಂದು ಹೆಸರಿಡುತ್ತೇನೆ,” ಎಂದು ಹಂಡೆಗೆ ಹೇಳುತ್ತಿದ್ದರು. ಒಮ್ಮೆ ಉಸಿರು ಸುಧಾರಿಸಿಕೊಳ್ಳುವಾಗ ಮೊಮ್ಮಗಳಿಗೆಂದರು: “ಅಪ್ಪನ್ನ ಎರಡು ಸಲ ಮಾರಿದ್ರು. ಕೊಂಡ ಒಬ್ಬೊಬ್ಬನೂ ತನಗೆ ಬೇಕಾದ ಹೆಸರು ಇಟ್ಟ, ನಾಯಿಗೆ ಇಡೋ ಹಾಗೆ. ಟಾಲಿವರ್ ಅನ್ನೋದು ಬಿಡುಗಡೆಯಾದ ದಿವಸ ಅಪ್ಪ ತಾನೇ ಇಟ್ಕೊಂಡದ್ದು. ಆವತ್ತು ಅದನ್ನ ಕೂಗಿ ಹೇಳೋಕೆ ಯಾರೂ ಇರಲಿಲ್ಲ. ನಾನು ಹೇಳ್ತೀನಿ, ನೋಡು.”

ಆರ್ಜೀಲಿಯಾ ತಲೆಯಾಡಿಸಿದಳು. ಸಂತೋಷವಾಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ. ಆದರೆ ಅಂದಿನಿಂದ ದಿನವೂ ಕೆಲಸದಿಂದ ಬಂದು ಮೊದಲು ಒಡೆದ ಗಾಜು ಗುಡಿಸುತ್ತಿದ್ದಳು.

ಹಡಗು ಇಳಿಯುವ ದಿನ ಬೆಳಗ್ಗೆಯಿಂದಲೇ ಬ್ಯಾಂಡು ಬಾರಿಸುತ್ತಿತ್ತು. ಆರ್ಜೀಲಿಯಾಗೆ ಬ್ಯಾಂಡು ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಅವಳು ಹಡಗಿನ ಹೊಟ್ಟೆಯ ಕೆಳಗೆ, ಜಾರುದಿಮ್ಮಿಯ ಪಕ್ಕದ ಗುಂಡಿಯಲ್ಲಿ ಅಂಗಾತ ಮಲಗಿದ್ದಳು.

ಆ ಕಟ್ಟೆಯಲ್ಲಿ ಬೆಸೆಯುವ ಕೆಲಸ ಬಿಳಿಯರದು. ಕರಿಯರ ಕೈಗೆ ಬೆಸುಗೆಯ ಕಡ್ಡಿ ಕೊಟ್ಟರೆ ತಾವು ಕಟ್ಟೆ ಬಿಟ್ಟು ನಡೆಯುತ್ತೇವೆಂದು ಅವರು ಎಂದೋ ಹೇಳಿಯಾಗಿತ್ತು. ಕಡಿಯುವ ಕೆಲಸ ಮಾತ್ರ, ಅದರಲ್ಲೂ ಹಡಗಿನ ಕೆಳಗೆ ಮಲಗಿ ಕಡಿಯುವ ಕೆಲಸ, ಒಬ್ಬ ಬಿಳಿಯ ಅಪ್ಪಚ್ಚಿಯಾದ ಮೇಲೆ ತಾನಾಗಿ ಕರಿಯರ ಪಾಲಿಗೆ ಬಂತು. ಆಸರೆಯ ಕಂಬಗಳನ್ನೆಲ್ಲ ದಿಮ್ಮಿಯಿಂದ ಗುದ್ದಿ ಬೀಳಿಸಿದ ಮೇಲೆ ಇಡೀ ಹಡಗನ್ನು ಹಿಡಿದಿಟ್ಟುಕೊಂಡಿರುವುದು ಮೂತಿಯ ಬುಡದ ಎರಡು ಉಕ್ಕಿನ ಪಟ್ಟಿಗಳು, ಎಡಕ್ಕೊಂದು, ಬಲಕ್ಕೊಂದು. ಗ್ಯಾಸ್ ಕಟರಿನಿಂದ ಅವನ್ನು ಸೀಮೆಸುಣ್ಣದ ಗೀಟಿನವರೆಗೆ ಕಡಿದು, ಬೆರಳಗಲ ಉಳಿಸಿ, ಕಾಯಬೇಕು. ಮೇಲೆ ವೇದಿಕೆಯಲ್ಲಿ ಬಾಟಲಿ ಎತ್ತಿದಾಗ ಕೆಳಗೆ ಗಂಟೆ ಬಡಿಯುತ್ತಾರೆ. ಆಗ ಉಳಿದ ಬೆರಳಗಲವನ್ನು ಕಡಿಯಬೇಕು. ಕೊಬ್ಬು ಬಳಿದು ಮುಗಿದ ಮೇಲೆ ಈ ಕೆಲಸವೂ ಅವಳ ಪಾಲಿನದೇ: ಎಡಗಡೆ ಆರ್ಜೀಲಿಯಾ, ಬಲಗಡೆ ಓಥಾ. ಒಂದು ಕಡೆಯದು ಹರಿದರೆ ಸಾಕು, ಇನ್ನೊಂದು ಭಾರ ತಡೆಯದೆ ತಾನೇ ಹರಿಯುತ್ತದೆ.

ಇಬ್ಬರೂ ಗೀಟಿನವರೆಗೆ ಕಡಿದು ಮುಗಿಸಿದ್ದರು. ಮಲಗಿದ ಕಡೆಯಿಂದ ಅವಳಿಗೆ ಲೋಕ ಮೊಣಕಾಲಿನವರೆಗಷ್ಟೇ ಕಾಣುತ್ತಿತ್ತು. ಹೊಳೆಯುವ ಬೂಟುಗಳು, ಇಸ್ತ್ರಿಯ ಪ್ಯಾಂಟುಗಳು, ರೇಷ್ಮೆ ಕಾಲುಚೀಲಗಳು. ಅವುಗಳ ನಡುವೆ ಹೊಸ ಅಟ್ಟೆ ಹಾಕಿಸಿದ ಎರಡು ಕರಿಯ ಚಡಾವುಗಳು ಬಂದವು, ಒಂದೊಂದಾಗಿ, ಅವಸರವಿಲ್ಲದೆ. ವೇದಿಕೆಯ ಮೊದಲ ಮೆಟ್ಟಿಲಿಗೆ ಒಂದು ಚಡಾವು ಏರಿತು. ಅಲ್ಲೇ ನಿಂತಿತು. ಎದುರಿಗೆ ಸ್ಕ್ರಗ್ಸ್‌ನ ಬೂಟು ಅಡ್ಡ ಬಂದಿತ್ತು.

ಏನು ಮಾತಾಯಿತೆಂದು ಬ್ಯಾಂಡಿನ ಗದ್ದಲದಲ್ಲಿ ಕೇಳಿಸಲಿಲ್ಲ. ಚಡಾವು ಮೆಟ್ಟಿಲಿಂದ ಇಳಿಯಿತು. ಬಿಳಿಯ ಎತ್ತರ ಹಿಮ್ಮಡಿಯ ಜೋಡೊಂದು ಟಕಟಕನೆ ಮೆಟ್ಟಿಲೇರಿತು, ಹತ್ತುವ ಮೊದಲು ಒಂದು ಗಳಿಗೆ ಚಡಾವಿನ ಮುಂದೆ ನಿಂತು. ಆಮೇಲೆ ಚಡಾವುಗಳು ತಿರುಗಿ, ಕೊಬ್ಬು ಚೆಲ್ಲಿದ ಹಲಗೆಗಳ ಮೇಲೆ ಜಾರದಂತೆ ಕಾಲೂರುತ್ತ, ಗುಂಡಿಯ ಕಡೆಗೆ ಬಂದು ಹಗ್ಗದ ಬೇಲಿಯ ಹತ್ತಿರ ನಿಂತವು. ಆರ್ಜೀಲಿಯಾ ತಲೆ ಹೊರಗೆ ಹಾಕಿ ನೋಡಿದಳು. ಅಜ್ಜಿ ಚರ್ಚಿನ ಹ್ಯಾಟು ಹಾಕಿಕೊಂಡಿದ್ದರು. ಕೈಯಲ್ಲಿ ಬೇರೆ ಯಾರದೋ ಬಿಳಿಯ ಚರ್ಮದ ಕೈಚೀಲ ಇತ್ತು.

“ಏನಾಯ್ತಜ್ಜಿ?”

“ಕರಿ ಹೆಂಗಸು ತಮ್ಮ ತಲೆಗಿಂತ ಎತ್ತರದಲ್ಲಿ ನಿಂತರೆ ಬಿಳಿ ಕೆಲಸಗಾರರು ಕೆಲಸ ನಿಲ್ಲಿಸ್ತಾರಂತೆ,” ಎಂದರು ಅಜ್ಜಿ. ಕ್ಲಾಸಿಗೆ ಭೂಗೋಳ ಹೇಳುವ ದನಿ. “ಮ್ಯಾನೇಜರ ಹೆಂಡತಿ ಒಡೀತಾಳೆ. ಎರಡು ಕೈ ಬೇಕಲ್ಲ ಬೀಸೋಕೆ, ಅದಕ್ಕೆ ಇದನ್ನ ಹಿಡ್ಕೊಂಡಿರು ಅಂದಳು.”

“ಎಸ್ದ್‌ಬುಟ್ಟು ಮನೀಗ್ ಹೋಗಿ.”

“ಬಾಟಲಿ ಹೋಗಲಿ ಬಿಡು ಮಗಾ. ಅಪ್ಪನ ಹೆಸರು ಆ ಹೆಂಗಸಿನ ಬಾಯಲ್ಲಿ ಬರೋದನ್ನ ನಾನು ನಿಂತು ಕೇಳಬೇಕಲ್ಲ. ಅದೊಂದು ನನ್ನ ಕೈಲಾಗಲ್ಲ.” ಸುತ್ತ ನೋಡಿದರು. “ಹೋಗೋಕೂ ಬಿಡ್ತಿಲ್ಲ. ಫೋಟೋಗೆ ಬೇಕಂತೆ.”

ಸ್ಕ್ರಗ್ಸ್ ಬಂದು, ಗುಂಡಿಯ ಹತ್ತಿರ ನಿಲ್ಲಬಾರದೆಂದು ಅಜ್ಜಿಯನ್ನು ರಟ್ಟೆ ಹಿಡಿದು ವೇದಿಕೆಯ ಕಂಬದ ಪಕ್ಕಕ್ಕೆ ಸರಿಸಿದ. “ತಲೆ ಒಳಗಾಕೆ, ಮುಂಡೇದೆ,” ಎಂದು ಆರ್ಜೀಲಿಯಾಳಿಗೂ ಹೇಳಿ, ಗಂಟೆಯ ಹತ್ತಿರ ಹೋಗಿ ನಿಂತ. ಅವಳು ತಲೆ ಒಳಗೆ ಹಾಕಿಕೊಂಡಳು.

ಮೇಲೆ ಲ್ಯಾಂಗ್‌ಫರ್ಡನ ಭಾಷಣ ಶುರುವಾಯಿತು. ಪ್ರತಿ ಹಡಗಿಗೂ ಅದೇ ಭಾಷಣ, ಹೆಸರಷ್ಟೇ ಬದಲು. ಆಚೆ ಗುಂಡಿಯಲ್ಲಿ ಓಥಾ ಸಾಲಿಗೊಂದು ಸಾಲು ಮುಂಚಿತವಾಗಿಯೇ ಮೂಗಿನಲ್ಲಿ ಹೇಳತೊಡಗಿದ. ಈ ಉಕ್ಕಿನ ಒಂದೊಂದು ತುಂಡಿನಲ್ಲೂ, ಎಂದ ಓಥಾ. “ಈ ಉಕ್ಕಿನ ಒಂದೊಂದು ತುಂಡಿನಲ್ಲೂ,” ಎಂದಿತು ಧ್ವನಿವರ್ಧಕ. ನಮ್ಮ ಹೃದಯದ ಒಂದೊಂದು ತುಂಡಿದೆ, ಎಂದ ಓಥಾ. ಧ್ವನಿವರ್ಧಕವೂ ಹಾಗೇ ಅಂದಿತು. ಆಮೇಲಿನದು ಓಥಾನಿಗೂ ಗೊತ್ತಿರಲಿಲ್ಲ. “ನಮ್ಮ ಒಳ್ಳೇ ಮುದುಕ, ಅಂಕಲ್ ಅಮೋಸ್,” ಎಂದ ಲ್ಯಾಂಗ್‌ಫರ್ಡ್, “ತನ್ನ ಜಾಗ ಯಾವುದು ಅಂತ ಅರಿತಿದ್ದ ಮನುಷ್ಯ. ತನ್ನವರಿಗೂ ಅದನ್ನೇ ಕಲಿಸಿದ.” ಜನ ಚಪ್ಪಾಳೆ ತಟ್ಟಿದರು.

ಪಾದ್ರಿ ಎದ್ದು, ಪರಲೋಕದ ತಂದೆಯ ಮುಂದೆ ನಾವೆಲ್ಲ ಒಂದೇ ಹಡಗಿನವರು ಎಂದು ಪ್ರಾರ್ಥಿಸಿದ. ಅವನ ಕಾಲಡಿಯ ಹಲಗೆಗಳ ಸಂದಿಯಿಂದ ಅಜ್ಜಿಯ ಹ್ಯಾಟಿನ ಮೇಲೆ ಧೂಳು ಉದುರುತ್ತಿತ್ತು.

ಆರ್ಜೀಲಿಯಾ ಅಜ್ಜಿಯ ಮೊಣಕಾಲ ಹತ್ತಿರ ತೂಗುತ್ತಿದ್ದ ಬಿಳಿಯ ಕೈಚೀಲವನ್ನೇ ನೋಡುತ್ತಿದ್ದಳು. ಸಿಟ್ಟು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಕೈ ಮಾತ್ರ ಯಾವುದೋ ಮನೆಗೆಲಸಕ್ಕೆ ಹೊರಟ ಹಾಗೆ ಕಟರನ್ನು ಎತ್ತಿಕೊಂಡು ಗ್ಯಾಸು ತಿರುಗಿಸಿ ಹೊತ್ತಿಸಿತು. ಕೆಳಗೆ ಬೇರೆ ಯಾರೂ ಇಲ್ಲವೆಂದು ಎಡಕ್ಕೂ ಬಲಕ್ಕೂ ನೋಡಿಕೊಂಡಳು. ಕಂಬ ಬೀಳಿಸುವವರನ್ನು ಆಗಲೇ ಹೊರಗೆ ಕಳಿಸಿದ್ದರು.

“ಓಥಣ್ಣ, ಪಕ್ಕುಕ್ ಉರುಳ್ಕೋ.”

“ಗಂಟೆ ಆಗಿಲ್ವಲ್ಲೇ.”

“ಗೊತ್ತು. ಉರುಳ್ಕೋ.”

ಓಥಾನಿಗೆ ಅರ್ಥವಾಯಿತು. “ಬ್ಯಾಡ ಜೀಲಿ. ಯುದ್ಧದ್ ಕಾಲ ಕಣವ್ವ. ದೇಶದ್ರೋಹ ಅಂತರೆ, ನೇಣಿಗ್ ಹಾಕ್ಬುಡ್ತರೆ. ನನ್ ಮಾತ್ ಕೇಳು.” ಅವನದೇ ದನಿ ಅದು, ಯಾರದೂ ಬೆರಕೆಯಿಲ್ಲದ್ದು. ಅವಳು ಅದನ್ನು ಅಷ್ಟು ಶುದ್ಧವಾಗಿ ಕೇಳಿದ್ದು ಅದೇ ಮೊದಲು. ಆಮೇಲೆ ಅವನು ಉರುಳಿಕೊಂಡ ಸದ್ದು ಕೇಳಿಸಿತು.

ಧ್ವನಿವರ್ಧಕದಲ್ಲಿ ಹೆಣ್ಣುದನಿ ಗಂಟಲು ಸರಿಮಾಡಿಕೊಂಡಿತು. ಕಂಬದ ಪಕ್ಕದಲ್ಲಿ ಅಜ್ಜಿಯ ಚಡಾವುಗಳು ಒಂದಕ್ಕೊಂದು ಒತ್ತಿಕೊಂಡವು. ಆರ್ಜೀಲಿಯಾ ನೀಲಿ ಉರಿಯನ್ನು ಉಳಿದ ಬೆರಳಗಲಕ್ಕೆ ಹಿಡಿದಳು. ಉಕ್ಕು ಕೆಂಪಾಯಿತು, ಹಳದಿಯಾಯಿತು, ಹನಿಯತೊಡಗಿತು.

“ಈ ಹಡಗಿಗೆ ನಾನು—” ಎಂದಿತು ಹೆಣ್ಣುದನಿ.

ಪಟ್ಟಿ ಹರಿಯಿತು. ಆಚೆಯದು ಬಟ್ಟೆ ಹರಿದ ಹಾಗೆ ಸಿಗಿದುಕೊಂಡಿತು. ಒಂದು ಗಳಿಗೆ ಏನೂ ಆಗಲಿಲ್ಲ. ಮರುಗಳಿಗೆಗೆ ಅವಳ ಮೇಲಿನ ಕಬ್ಬಿಣದ ಆಕಾಶ ಹೊಳೆಯ ಕಡೆಗೆ ಸರಿಯತೊಡಗಿತು. ಮೊದಲು ಮುದುಕನ ನಡಿಗೆ, ಆಮೇಲೆ ಕುದುರೆಯ ಓಟ. ದಿಮ್ಮಿಗಳು ಕಿರುಚಿದವು, ಕೊಬ್ಬು ಹೊಗೆಯಾಡಿತು. ಅವಳ ಮುಖದ ಮೇಲೆ ನಿಜವಾದ ಆಕಾಶ ಬಿತ್ತು. ವೇದಿಕೆಯಲ್ಲಿ ಮ್ಯಾನೇಜರನ ಹೆಂಡತಿ ಹೆಸರು ಮರೆತು ಬಾಟಲಿ ಬೀಸಿದಳು. ಬಾಟಲಿ ಹಡಗಿಲ್ಲದ ಗಾಳಿಯಲ್ಲಿ ದೂರ ತೂಗಿಹೋಗಿ, ವಾಪಸು ಬಂದು ಪಾದ್ರಿಯ ಮೊಣಕಾಲಿಗೆ ಬಡಿಯಿತು. ಒಡೆಯಲಿಲ್ಲ. ಹೆಸರನ್ನು ಯಾರೂ ಹೇಳಲಿಲ್ಲ. ಬ್ಯಾಂಡಿನವರು ಬಾರಿಸಬೇಕೋ ಬೇಡವೋ ತಿಳಿಯದೆ ಅರ್ಧ ಬಾರಿಸಿ ನಿಲ್ಲಿಸಿದರು. ಎಳೆಯುವ ದೋಣಿಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಹಡಗು ಹೊಳೆಯ ನಡುವೆ ತನಗೆ ತೋಚಿದಂತೆ ಅಡ್ಡ ತಿರುಗಿತು.

ಸ್ಕ್ರಗ್ಸ್ ಅವಳನ್ನು ಕತ್ತಿನ ಪಟ್ಟಿ ಹಿಡಿದು ಗುಂಡಿಯಿಂದ ಎಳೆದ. ಅವನ ಮುಖ ಸುಣ್ಣವಾಗಿತ್ತು. ಗಂಟೆ ಅವನ ಕೈಯಲ್ಲಿತ್ತು, ತಪ್ಪು ಯಾರದೇ ಆದರೂ ತಲೆ ಅವನದು. ಲ್ಯಾಂಗ್‌ಫರ್ಡ್ ವೇದಿಕೆಯಿಂದ ಇಳಿದು ಬಂದ. ಅವನ ಹಿಂದೆಯೇ ಪತ್ರಿಕೆಯವನೊಬ್ಬ ಪೆನ್ಸಿಲು ಹಿಡಿದು ಬಂದ. ಓಥಾ ಯಾರೂ ಕೇಳುವ ಮೊದಲೇ, “ತಾನೇ ಹರೀತು ಸಾಮಿ, ಭಾರ ತಡೀನಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿದ. ಅದು ನಂಬುವಂಥದ್ದೇ; ಹಾಗೆ ಹರಿದದ್ದೂ ಉಂಟು.

ಲ್ಯಾಂಗ್‌ಫರ್ಡ್ ಆ ಮಾತನ್ನು ಬಿಸಿ ರೊಟ್ಟಿಯ ಹಾಗೆ ಎತ್ತಿಕೊಂಡ. ಲೋಹದ ದೋಷ, ಯಾರ ತಪ್ಪೂ ಅಲ್ಲ, ಕೆಲಸಗಾರರಿಗೆ ಏಟಾಗದ್ದು ದೇವರ ದಯೆ ಎಂದು ಪತ್ರಿಕೆಯವನಿಗೆ ಬರೆಸಿದ. ಸಂಜೆ ಹಡಗು ದಡಕ್ಕೆ ಬಂದ ಮೇಲೆ ಬಾಟಲಿ ಒಡೆಯಲಾಗುವುದು, ಫೋಟೋ ಆಗಲೇ ತೆಗೆಯೋಣ ಎಂದ. ಸ್ಕ್ರಗ್ಸ್‌ಗೆ ಜೀವ ಬಂತು. ಕತ್ತಿನ ಪಟ್ಟಿ ಬಿಟ್ಟು ಅವಳ ಭುಜ ತಟ್ಟಿದ, ದನಿಯಲ್ಲಿ ಬೆಣ್ಣೆ ಬಂದಿತ್ತು. “ಹೇಳವ್ವ, ತಾನೇ ಹರೀತು ಅಂತ ನೀನೂ ಒಂದ್ ಮಾತ್ ಹೇಳ್ಬುಡು.”

ಎಲ್ಲರೂ ಅವಳ ಬಾಯಿ ನೋಡಿದರು. ಓಥಾ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಅವಳು ಹೂಂ ಎಂದರೆ ಎಲ್ಲರ ಕೆಲಸ ಉಳಿಯುತ್ತಿತ್ತು, ಅವಳ ಕುತ್ತಿಗೆಯೂ ಉಳಿಯುತ್ತಿತ್ತು, ಸಂಜೆ ಅಜ್ಜಿ ಮತ್ತೆ ಕೈಚೀಲ ಹಿಡಿದು ನಿಲ್ಲುತ್ತಿದ್ದರು.

“ನಾನ್ ಕುಯ್ದೆ,” ಎಂದಳು ಆರ್ಜೀಲಿಯಾ.

“ಹುಚ್ಚಿ ಸಾರ್ ಇವ್ಳು, ಗ್ಯಾಸ್ ತಲೀಗೇರೈತೆ,” ಎಂದ ಸ್ಕ್ರಗ್ಸ್.

“ಗಂಟೆಗ್ ಮುಂಚೆ, ಗೊತ್ತಿದ್ದೇ ಕುಯ್ದೆ. ಅಮೋಸ್ ಟಾಲಿವರ್ ನಮ್ಮ ಮುತ್ತಾತ. ಅಲ್ಲಿ ನಿಂತಾರಲ್ಲ, ಶ್ರೀಮತಿ ಗೇನ್ಸ್, ಅವ್ರ ಅಪ್ಪ.” ದನಿಯಲ್ಲಿ ಏರಿರಲಿಲ್ಲ, ಇಳಿತವಿರಲಿಲ್ಲ. ಪತ್ರಿಕೆಯವನ ಕಡೆ ತಿರುಗಿ, “ಬರ್ಕಳಿ,” ಎಂದಳು.

ಅವನು ಪೆನ್ಸಿಲನ್ನು ಜೇಬಿಗಿಟ್ಟ. ಲ್ಯಾಂಗ್‌ಫರ್ಡ್ ಏನೂ ಕೇಳಿಸದವನ ಹಾಗೆ ಕ್ರೇನಿನ ಕಡೆ ಕೈಯೆತ್ತಿದ. ಒಂದು ಹಡಗು ಇಳಿದ ಗಳಿಗೆಯಲ್ಲೇ ಖಾಲಿ ಜಾಗದಲ್ಲಿ ಮುಂದಿನದರ ಬೆನ್ನುಮೂಳೆಯ ಮೊದಲ ತುಂಡನ್ನು ಕೂರಿಸುವುದು ಆ ಕಟ್ಟೆಯ ರೂಢಿ, ಯುದ್ಧ ಕಾಯುವುದಿಲ್ಲ. ಕ್ರೇನು ಮನೆಯಗಲದ ಉಕ್ಕಿನ ಹಲಗೆಯನ್ನು ತೂಗಿಸುತ್ತ ತಂದಿತು. ಅದರ ನೆರಳು ಆರ್ಜೀಲಿಯಾಳ ಮೇಲೆ ಬಿತ್ತು.

“ಸರಿಯೇ ಆಚೆಗೆ,” ಎಂದ ಸ್ಕ್ರಗ್ಸ್.

ಅವಳು ಸರಿಯಲಿಲ್ಲ. ಹಲಗೆ ಕೂರಬೇಕಾದ ದಿಮ್ಮಿಗಳ ನಡುವೆ, ಇನ್ನೂ ಹೊಗೆಯಾಡುತ್ತಿದ್ದ ಕೊಬ್ಬಿನ ಮೇಲೆ ನಿಂತಿದ್ದಳು. “ನಾನ್ ಕುಯ್ದೆ,” ಎಂದಳು ಮತ್ತೆ. ಕಾವಲಿನವರು ಇಬ್ಬರು ಬಂದರು. ಹಲಗೆಯ ಕೆಳಗೆ ಬರಲು ಹೆದರಿ ಅಂಚಿನಲ್ಲೇ ನಿಂತರು. ಕ್ರೇನಿನವನು ಇಳಿಸಲೋ ಬೇಡವೋ ಎಂದು ಕೈಸನ್ನೆಗೆ ಕಾಯುತ್ತಿದ್ದ. ಕೊಬ್ಬು ಬಳಿಯುವ ಹೆಂಗಸರು ಬಕೆಟ್ಟುಗಳನ್ನು ಕೆಳಗಿಟ್ಟು ನೋಡುತ್ತಿದ್ದರು. ಲ್ಯಾಂಗ್‌ಫರ್ಡನ ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಅಜ್ಜಿ ಬಿಳಿಯ ಕೈಚೀಲವನ್ನು ಕೊಬ್ಬು ಚೆಲ್ಲಿದ್ದ ಕಡೆ ನೋಡಿ ಇಟ್ಟರು. ಹಗ್ಗದ ಬೇಲಿಯನ್ನು ಎತ್ತಿ, ಹ್ಯಾಟು ಬೀಳದಂತೆ ಒಂದು ಕೈಯಲ್ಲಿ ಹಿಡಿದು ಬಗ್ಗಿ ದಾಟಿ, ತೂಗುವ ಉಕ್ಕಿನ ಕೆಳಗೆ ಮೊಮ್ಮಗಳ ಕಡೆಗೆ ನಡೆಯತೊಡಗಿದರು. ನೆಲ ಜಾರುತ್ತಿತ್ತು, ಹೆಜ್ಜೆ ಬಹಳ ನಿಧಾನವಾಗಿತ್ತು.